ಚರ್ಮದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರದ 18 ತಿಂಗಳು: ಗಾಯದ ಆರೈಕೆ ಮತ್ತು ಎದ್ದುಕಾಣುವ ಕಲೆಯೊಂದಿಗಿನ ಬದುಕು

ಚರ್ಮದ ಕ್ಯಾನ್ಸರ್ ತೆಗೆಸಿಕೊಂಡವರು ಮೊದಲ ಸಲ ಪಟ್ಟಿ ಬಿಚ್ಚಿ ಕನ್ನಡಿಯೆದುರು ನಿಂತಾಗ ಮನಸ್ಸಿಗೆ ಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಕಾಳಿನಷ್ಟಿದ್ದ ಗಂಟಿಗೆ ಇಷ್ಟುದ್ದದ ಗಾಯವೇಕೆ? ಇದರ ಉತ್ತರ ಶಸ್ತ್ರಚಿಕಿತ್ಸೆಗೆ ಮೊದಲೇ ತಿಳಿದಿದ್ದರೆ ಎಷ್ಟೋ ಜನರ ಎದೆಗುದಿ ಕಡಿಮೆಯಾಗುತ್ತಿತ್ತು. ಕಣ್ಣಿಗೆ ಕಾಣುವ ಗಂಟಿನ ಸುತ್ತ ಕಾಣದಂತೆ ಹಬ್ಬಿರಬಹುದಾದ ಕೋಶಗಳನ್ನೂ ತೆಗೆಯಬೇಕಾದ್ದರಿಂದ ಶಸ್ತ್ರವೈದ್ಯರು ಸುತ್ತಲಿನ ಒಳ್ಳೆಯ ಚರ್ಮದ ಅಂಚನ್ನೂ ಸೇರಿಸಿ ಕತ್ತರಿಸುತ್ತಾರೆ. ಚರ್ಮದ ಕ್ಯಾನ್ಸರಿನ ಅತಿ ಸಾಮಾನ್ಯ ಬಗೆಯಾದ, ಅಪಾಯ ಕಡಿಮೆಯಿರುವ ಬೇಸಲ್ ಸೆಲ್ ಕಾರ್ಸಿನೋಮಕ್ಕೆ ಈ ಅಂಚು ಸುಮಾರು 4 ಮಿಲಿಮೀಟರ್ ಇದ್ದರೆ, ಚರ್ಮದೊಳಕ್ಕೆ ಇಳಿದ ಮೆಲನೋಮಕ್ಕೆ (ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್) ಅದರ ದಪ್ಪವನ್ನು ನೋಡಿಕೊಂಡು 1ರಿಂದ 2 ಸೆಂಟಿಮೀಟರ್‌ವರೆಗೆ ಇರುತ್ತದೆ. ದುಂಡಗಿನ ಗಾಯವನ್ನು ಹಾಗೆಯೇ ಎಳೆದು ಹೊಲಿದರೆ ಎರಡೂ ತುದಿಗಳಲ್ಲಿ ಚರ್ಮ ಗುಬುಟಾಗಿ ಎದ್ದು ನಿಲ್ಲುತ್ತದೆ. ಆದ್ದರಿಂದ ಅದನ್ನು ಎಲೆಯ ಆಕಾರಕ್ಕೆ ತಿದ್ದಿ, ಅಗಲದ ಸುಮಾರು ಮೂರು ಪಟ್ಟು ಉದ್ದದ ಗೆರೆಯಾಗಿ ಹೊಲಿಯಲಾಗುತ್ತದೆ. ಗಾಯ ಉದ್ದವಾಗಿರುವುದು ಕೆಲಸ ಕೆಟ್ಟಿದ್ದರ ಗುರುತಲ್ಲ.

ಇನ್ನೊಂದು ವಿಷಯವನ್ನೂ ಆರಂಭದಲ್ಲೇ ಹೇಳಿಬಿಡುವುದು ಅಗತ್ಯ. ಶಸ್ತ್ರಚಿಕಿತ್ಸೆಯ ಗುರುತು ಅತಿ ಕೆಟ್ಟದಾಗಿ ಕಾಣುವುದು ಮೊದಲ ದಿನವಲ್ಲ, ಸುಮಾರು 4ರಿಂದ 8ನೆಯ ವಾರದ ನಡುವೆ. ಹೊಲಿಗೆ ಬಿಚ್ಚಿದಾಗ ತೆಳುವಾಗಿದ್ದ ಗೆರೆ ಆ ವೇಳೆಗೆ ಕೆಂಪಾಗಿ, ಗಟ್ಟಿಯಾಗಿ, ಉಬ್ಬಿಕೊಂಡಿರುತ್ತದೆ; ಕಪ್ಪು ಮತ್ತು ಗೋಧಿ ಬಣ್ಣದ ಚರ್ಮದಲ್ಲಿ ಅದು ನೇರಳೆಯಾಗಿಯೋ ಕಡುಗಂದಾಗಿಯೋ ಕಾಣಬಹುದು. ನೋಡಲು ಬರುವವರೆಲ್ಲ ಬಂದುಹೋಗಿ, ಕೆಲಸಕ್ಕೆ ಮರಳಿ, ಇನ್ನು ಎಲ್ಲ ಮುಗಿಯಿತು ಎಂದುಕೊಳ್ಳುವ ಹೊತ್ತಿಗೇ ಕಲೆ ಹೀಗೆ ಎದ್ದು ಕಾಣುವುದರಿಂದ ಬಹಳ ಮಂದಿ ಆಗಲೇ ‘ಇನ್ನು ನನ್ನ ಮುಖ ಇಷ್ಟೇ’ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಕಲೆ ಬಲಿತು ತನ್ನ ಕೊನೆಯ ರೂಪಕ್ಕೆ ಬರಲು 12ರಿಂದ 18 ತಿಂಗಳು ಬೇಕು. ಆದಕಾರಣ ಈ ಮಾರ್ಗದರ್ಶಿಯನ್ನು ಕಾಲದ ಲೆಕ್ಕದಲ್ಲಿಯೇ ಬರೆದಿದೆ. ಇಲ್ಲಿರುವ ಸಲಹೆಗೂ ನಿಮ್ಮ ಗಾಯವನ್ನು ಕಣ್ಣಾರೆ ನೋಡಿದ ವೈದ್ಯರ ಮಾತಿಗೂ ವ್ಯತ್ಯಾಸ ಬಂದರೆ ವೈದ್ಯರ ಮಾತನ್ನೇ ಅನುಸರಿಸಿ.

ಆಸ್ಪತ್ರೆಯಿಂದ ಹೊರಡುವ ಮುನ್ನ

ಗಾಯವನ್ನು ಹೇಗೆ ಮುಚ್ಚಿದ್ದಾರೆ ಎಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳಿ, ಏಕೆಂದರೆ ಮುಂದಿನ ಆರೈಕೆಯೆಲ್ಲ ಅದರ ಮೇಲೆಯೇ ನಿಂತಿದೆ. ಅಂಚುಗಳನ್ನು ನೇರವಾಗಿ ಸೇರಿಸಿ ಹೊಲಿಯುವುದು ಎಲ್ಲಕ್ಕಿಂತ ಸರಳವಾದ ವಿಧಾನ. ಹಾಗೆ ಸೇರಿಸಲು ಚರ್ಮ ಸಾಲದೆ ಹೋದಾಗ ಪಕ್ಕದ ಚರ್ಮವನ್ನು ಅದರ ರಕ್ತನಾಳಗಳ ಸಮೇತ ಸರಿಸಿಯೋ ತಿರುಗಿಸಿಯೋ ತಂದು ಮುಚ್ಚುತ್ತಾರೆ. ಇದಕ್ಕೆ ಫ್ಲ್ಯಾಪ್ ಎಂದು ಹೆಸರು. ದೇಹದ ಬೇರೆ ಭಾಗದಿಂದ ಚರ್ಮ ತೆಗೆದು ಕೂರಿಸಿದರೆ ಅದು ಗ್ರಾಫ್ಟ್, ಅಂದರೆ ಚರ್ಮದ ಕಸಿ. ಮುಖದ ಕಸಿಗೆ ಕಿವಿಯ ಹಿಂದಿನ ಅಥವಾ ಕೊರಳೆಲುಬಿನ ಮೇಲಿನ ಪೂರ್ಣ ದಪ್ಪದ ಚರ್ಮವನ್ನೂ, ದೊಡ್ಡ ಗಾಯಗಳಿಗೆ ತೊಡೆಯಿಂದ ತೆಳುವಾಗಿ ಹೆರೆದ ಚರ್ಮವನ್ನೂ ಬಳಸುವುದು ವಾಡಿಕೆ. ಕೆಲವು ಗಾಯಗಳನ್ನು ಹೊಲಿಯದೆ ತಾನಾಗಿ ತುಂಬಿಕೊಳ್ಳಲು ಬಿಡುತ್ತಾರೆ. ಕಣ್ಣಿನ ಒಳಮೂಲೆ, ಹಣೆಯ ಪಕ್ಕ, ಕಿವಿಯ ತಗ್ಗುಗಳಂತಹ ಕಡೆ ಈ ವಿಧಾನದಿಂದ ಅಚ್ಚರಿಯೆನಿಸುವಷ್ಟು ಒಳ್ಳೆಯ ಫಲ ಬರುವುದುಂಟು, ಆದರೆ ಅದಕ್ಕೆ ಹಲವು ವಾರಗಳ ತಾಳ್ಮೆ ಬೇಕು.

ಫ್ರೆಡರಿಕ್ ಮೋಸ್ ಎಂಬ ಅಮೆರಿಕದ ವೈದ್ಯರು 1930ರ ದಶಕದಲ್ಲಿ ರೂಪಿಸಿದ, ಪದರ ಪದರವಾಗಿ ಕತ್ತರಿಸಿ ಆಗಿಂದಾಗಲೇ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ವಿಧಾನದಲ್ಲಿ ನಿಮಗೆ ಶಸ್ತ್ರಚಿಕಿತ್ಸೆ ಆಗಿದ್ದರೆ, ಅಂಚುಗಳಲ್ಲಿ ಕ್ಯಾನ್ಸರ್ ಉಳಿದಿಲ್ಲವೆಂಬುದು ಬಹುಮಟ್ಟಿಗೆ ಅದೇ ದಿನ ತಿಳಿದಿರುತ್ತದೆ. ಉಳಿದವರು ರೋಗಶಾಸ್ತ್ರ ಪ್ರಯೋಗಾಲಯದ ವರದಿಗಾಗಿ ಕಾಯಬೇಕು. ವರದಿ ಯಾವತ್ತು ಬರುತ್ತದೆ, ಯಾರು ತಿಳಿಸುತ್ತಾರೆ ಎಂಬುದನ್ನು ಹೊರಡುವ ಮೊದಲೇ ಕೇಳಿಕೊಳ್ಳಿ. ದಿನಾಂಕ ಗೊತ್ತಿಲ್ಲದ ಕಾಯುವಿಕೆ ಗಾಯದ ನೋವಿಗಿಂತ ಹೆಚ್ಚು ಕಾಡುತ್ತದೆ. ಹೊಲಿಗೆ ಬಿಚ್ಚುವ ದಿನ, ಸ್ನಾನ ಯಾವಾಗಿನಿಂದ ಮಾಡಬಹುದು, ರಾತ್ರಿಯಲ್ಲಿ ರಕ್ತ ಸುರಿದರೆ ಯಾರಿಗೆ ಕರೆ ಮಾಡಬೇಕು ಎಂಬುದನ್ನೂ ಜೊತೆಯಲ್ಲಿ ಬಂದವರಿಂದ ಬರೆಸಿಕೊಳ್ಳಿ. ಆ ದಿನ ಕಿವಿಗೆ ಬಿದ್ದದ್ದು ಮನೆ ತಲುಪುವಷ್ಟರಲ್ಲಿ ಅರ್ಧ ಮರೆತಿರುತ್ತದೆ.

ಮೊದಲ 48 ಗಂಟೆ

ಈ ಎರಡು ದಿನಗಳಲ್ಲಿ ನಿಮ್ಮ ಮುಖ್ಯ ಕೆಲಸ ರಕ್ತಸ್ರಾವವಾಗದಂತೆ ನೋಡಿಕೊಳ್ಳುವುದು. ಮರಗಟ್ಟಿಸುವ ಚುಚ್ಚುಮದ್ದಿನ ಜೊತೆ ಸಾಮಾನ್ಯವಾಗಿ ರಕ್ತನಾಳಗಳನ್ನು ಕುಗ್ಗಿಸುವ ಔಷಧವನ್ನೂ ಬೆರೆಸಿರುತ್ತಾರೆ. ಕೆಲವು ಗಂಟೆಗಳ ಬಳಿಕ ಅದರ ಪ್ರಭಾವ ಇಳಿದು ನಾಳಗಳು ಮತ್ತೆ ಹಿಗ್ಗುವಾಗ ರಕ್ತ ಒಸರುವ ಸಂಭವ ಹೆಚ್ಚು. ಮೊದಲು ಕಟ್ಟಿದ ಬಿಗಿಪಟ್ಟಿಯನ್ನು ಹೇಳಿದಷ್ಟು ಹೊತ್ತು, ಅಂದರೆ ಸಾಮಾನ್ಯವಾಗಿ 24ರಿಂದ 48 ಗಂಟೆ, ಬಿಚ್ಚದೆ ಒದ್ದೆಯಾಗದಂತೆ ಇಟ್ಟುಕೊಳ್ಳಿ. ಬಗ್ಗಿ ಕೆಲಸ ಮಾಡುವುದು, ಭಾರ ಎತ್ತುವುದು, ಓಟ, ಮದ್ಯಪಾನ ಇವೆಲ್ಲ ಬೇಡ. ಗಾಯ ಮುಖದಲ್ಲೋ ತಲೆಯಲ್ಲೋ ಇದ್ದರೆ ಎರಡು ದಿಂಬಿಟ್ಟು ತಲೆ ಎತ್ತರಿಸಿ ಮಲಗಿ, ಕಾಲಿನಲ್ಲಿದ್ದರೆ ಕೂತಾಗಲೂ ಕಾಲನ್ನು ಮೇಲಿಟ್ಟುಕೊಳ್ಳಿ.

ಪಟ್ಟಿಯ ಮೇಲೆ ಸ್ವಲ್ಪ ರಕ್ತದ ಕಲೆ ಕಂಡರೆ ಗಾಬರಿಯಾಗಬೇಕಿಲ್ಲ. ರಕ್ತ ತೊಟ್ಟಿಕ್ಕುತ್ತಿದ್ದರೆ ಶುಭ್ರವಾದ ಗಾಜ್ ಬಟ್ಟೆಯನ್ನು ಮಡಿಸಿ ಗಾಯದ ಮೇಲಿಟ್ಟು, ಗಡಿಯಾರ ನೋಡಿಕೊಂಡು 20 ನಿಮಿಷ ಎಡೆಬಿಡದೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಂತಿತೋ ಇಲ್ಲವೋ ಎಂದು ನಡುನಡುವೆ ಎತ್ತಿ ನೋಡಿದರೆ ಆಗತಾನೆ ಹೆಪ್ಪುಗಟ್ಟಿದ್ದು ಕಿತ್ತುಬರುತ್ತದೆ, ಲೆಕ್ಕ ಮೊದಲಿನಿಂದ ಶುರುವಾಗುತ್ತದೆ. 20 ನಿಮಿಷದ ಬಳಿಕವೂ ನಿಲ್ಲದಿದ್ದರೆ, ಅಥವಾ ಗಾಯದ ಕೆಳಗೆ ದಿಢೀರನೆ ಗಡ್ಡೆಯಂತೆ ಉಬ್ಬಿ ನೋವು ಜೋರಾದರೆ, ಬೆಳಗಾಗಲೆಂದು ಕಾಯದೆ ವೈದ್ಯರನ್ನು ಸಂಪರ್ಕಿಸಿ.

ನೋವಿಗೆ ಬಹುತೇಕ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಆಸ್ಪಿರಿನ್‌ನಂತಹ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸುವುದರಿಂದ ನೋವಿಗೆಂದು ಅವನ್ನು ನುಂಗಬೇಡಿ. ಆದರೆ ಹೃದಯಕ್ಕಾಗಿಯೋ ಪಾರ್ಶ್ವವಾಯು ತಡೆಯಲೆಂದೋ ವೈದ್ಯರು ಬರೆದುಕೊಟ್ಟ ರಕ್ತ ತೆಳುವಾಗಿಸುವ ಔಷಧಗಳನ್ನು ನೀವಾಗಿ ನಿಲ್ಲಿಸಲೇಬಾರದು. ಗಾಯದಿಂದ ಒಂದಿಷ್ಟು ರಕ್ತ ಹೋಗುವುದಕ್ಕಿಂತ ಆ ಔಷಧ ತಪ್ಪುವುದು ಬಹಳ ದೊಡ್ಡ ಅಪಾಯ.

ಬಾವು 2ನೆಯ, 3ನೆಯ ದಿನಕ್ಕೆ ಹೆಚ್ಚಾಗುವುದು ಸಹಜ. ಹಣೆ ಅಥವಾ ಮೂಗಿನ ಶಸ್ತ್ರಚಿಕಿತ್ಸೆಯಾದವರು ಮರುದಿನ ಬೆಳಿಗ್ಗೆ ಕಣ್ಣು ತೆರೆಯಲಾರದಷ್ಟು ಊದಿಕೊಂಡು, ಕಣ್ಣಸುತ್ತ ಹೊಡೆತ ಬಿದ್ದಂತೆ ಕಪ್ಪುಗಟ್ಟಿರುವುದನ್ನು ಕಂಡು ಬೆಚ್ಚಿಬೀಳುತ್ತಾರೆ. ಮೇಲಿನ ಊತ ಮತ್ತು ರಕ್ತ ಗುರುತ್ವಕ್ಕೆ ಸಿಕ್ಕಿ ಕಣ್ಣಿನ ಸುತ್ತಲಿನ ಸಡಿಲ ಚರ್ಮಕ್ಕೆ ಇಳಿದಿರುತ್ತವೆ, ಅಷ್ಟೆ. ಒಂದೆರಡು ವಾರಗಳಲ್ಲಿ ಅದು ಹಸಿರು, ಹಳದಿ ಬಣ್ಣಗಳಿಗೆ ತಿರುಗಿ ಮಾಯವಾಗುತ್ತದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಗಾಯದ ಅಕ್ಕಪಕ್ಕದಲ್ಲಿ ಆಗಾಗ 10 ನಿಮಿಷ ಇಟ್ಟರೆ ಹಿತವಾಗುತ್ತದೆ. ಕಸಿ ಮಾಡಿದ ಚರ್ಮದ ಮೇಲೆ ಮಾತ್ರ ಇಡಬೇಡಿ.

ಧೂಮಪಾನಿಗಳಿಗೆ ಒಂದು ಮಾತನ್ನು ನೇರವಾಗಿಯೇ ಹೇಳಬೇಕಾಗಿದೆ. ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಕಸಿಯಾಗಲಿ ಫ್ಲ್ಯಾಪ್ ಆಗಲಿ ಬದುಕಿ ಉಳಿಯುವುದು ಆ ನಾಳಗಳಿಂದಲೇ. ಸಿಗರೇಟಿನಿಂದಾಗಿ ಕೂರಿಸಿದ ಚರ್ಮ ಕಪ್ಪಾಗಿ ಸತ್ತುಹೋಗುವ ಅಪಾಯ ಖಂಡಿತ ಹೆಚ್ಚುತ್ತದೆ. ಪೂರ್ತಿ ಬಿಡಲಾಗದವರು ಕೊನೆಯ ಪಕ್ಷ ಗಾಯ ಮಾಯುವ ಈ ಕೆಲವು ವಾರಗಳಾದರೂ ದೂರವಿಡಿ.

ಗಾಯವನ್ನು ತೊಳೆಯುವ ಕ್ರಮ

ಗಾಯಕ್ಕೆ ಗಾಳಿಯಾಡಬೇಕು, ಅದು ಒಣಗಿ ಹಕ್ಕಳೆ ಕಟ್ಟಬೇಕು ಎಂಬ ನಂಬಿಕೆ ತಲೆಮಾರುಗಳಿಂದ ಬಂದದ್ದು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಚರ್ಮದ ಮೇಲೆ ನಡೆಸಿದ ಪ್ರಯೋಗದಲ್ಲಿ, ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಹಬ್ಬುವ ವೇಗ ಒಣಬಿಟ್ಟ ಗಾಯಕ್ಕಿಂತ ಸುಮಾರು ಎರಡು ಪಟ್ಟು ಎಂದು ಕಂಡುಬಂತು. ಹೊಸ ಕೋಶಗಳು ಅಂಚಿನಿಂದ ನಡುವಿಗೆ ತೆವಳಿಕೊಂಡು ಬರುತ್ತವೆ. ತೇವವಿದ್ದರೆ ಅವು ಮೇಲ್ಮೈಯಲ್ಲೇ ಸಾಗುತ್ತವೆ, ಗಟ್ಟಿ ಹಕ್ಕಳೆಯಿದ್ದರೆ ಅದರಡಿ ದಾರಿ ಹುಡುಕಿಕೊಂಡು ಬಳಸಿ ಬರಬೇಕಾಗುತ್ತದೆ. ಇಂದಿನ ಗಾಯದ ಆರೈಕೆಯೆಲ್ಲ ಈ ತಿಳುವಳಿಕೆಯ ಮೇಲೆ ನಿಂತಿದೆ.

ಮೊದಲ ಪಟ್ಟಿ ತೆಗೆದ ಮೇಲೆ ದಿನಕ್ಕೊಮ್ಮೆಯೋ ಎರಡು ಬಾರಿಯೋ ಹೀಗೆ ಮಾಡಿ. ಕೈಗಳನ್ನು ಸೋಪಿನಿಂದ ಚೆನ್ನಾಗಿ ತೊಳೆದುಕೊಳ್ಳಿ. ಹಳೆಯ ಪಟ್ಟಿ ಅಂಟಿಕೊಂಡಿದ್ದರೆ ಕೀಳದೆ, ಶುದ್ಧ ನೀರಿನಲ್ಲಿ ನೆನೆಸಿ ಸಡಿಲವಾದ ಮೇಲೆ ಎತ್ತಿ. ಸೌಮ್ಯವಾದ ಸೋಪಿನ ನೀರು ಗಾಯದ ಮೇಲೆ ಹರಿಯುವಂತೆ ಮಾಡಿ, ಅಂಚಿನಲ್ಲಿ ಮೆತ್ತಿಕೊಂಡ ಒಣರಕ್ತವನ್ನು ಒದ್ದೆ ಗಾಜ್‌ನಿಂದ ಮೃದುವಾಗಿ ತೆಗೆಯಿರಿ. ಉಜ್ಜಬೇಡಿ. ಒತ್ತಿ ಒರೆಸಿ ಒಣಗಿಸಿದ ನಂತರ ಪೆಟ್ರೋಲಿಯಂ ಜೆಲ್ಲಿಯನ್ನು ಗಾಯ ಹೊಳೆಯುವಷ್ಟು ಹಚ್ಚಿ, ಅದಕ್ಕೆ ಅಂಟಿಕೊಳ್ಳದ ಪಟ್ಟಿಯಿಟ್ಟು ಕಾಗದದ ಟೇಪು ಹಾಕಿ. ಜೆಲ್ಲಿಗೆ ಹೊಸ ಡಬ್ಬಿಯನ್ನೋ ಟ್ಯೂಬನ್ನೋ ತೆಗೆದಿಟ್ಟುಕೊಳ್ಳಿ, ಮನೆಮಂದಿಯೆಲ್ಲ ಬೆರಳದ್ದುವ ಡಬ್ಬಿ ಇದಕ್ಕೆ ಬೇಡ.

ಆಂಟಿಬಯಾಟಿಕ್ ಮುಲಾಮನ್ನು ವೈದ್ಯರು ಹೇಳದೆ ಹಚ್ಚಬೇಡಿ. ಶುದ್ಧವಾದ ಶಸ್ತ್ರಚಿಕಿತ್ಸೆಯ ಗಾಯಗಳಲ್ಲಿ ಸೋಂಕು ತಡೆಯಲು ಸರಳ ಪೆಟ್ರೋಲಿಯಂ ಜೆಲ್ಲಿ ಅದಕ್ಕೆ ಹೆಚ್ಚುಕಡಿಮೆ ಸಮನಾಗಿದೆ, ಮೇಲಾಗಿ ನಿಯೋಮೈಸಿನ್ ಮತ್ತು ಬ್ಯಾಸಿಟ್ರಾಸಿನ್ ಇರುವ ಮುಲಾಮುಗಳು ಎಷ್ಟೋ ಜನರ ಚರ್ಮಕ್ಕೆ ಒಗ್ಗದೆ ನವೆ, ಗುಳ್ಳೆ ಎಬ್ಬಿಸುತ್ತವೆ. ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಸ್ಪಿರಿಟ್ ಹೊಸ ಕೋಶಗಳನ್ನೂ ಸುಡುತ್ತವೆ. ಅರಿಶಿನ, ಜೇನು, ಸೊಪ್ಪಿನ ರಸ ಇತ್ಯಾದಿಗಳನ್ನು ಹೊಲಿಗೆ ಹಾಕಿದ ಗಾಯಕ್ಕೆ ಹಚ್ಚಬೇಡಿ. ಹೇಳುವವರ ಪ್ರೀತಿಯಲ್ಲಿ ಸಂದೇಹವಿಲ್ಲ, ಆದರೆ ಅಡುಗೆಮನೆಯ ಪದಾರ್ಥ ರೋಗಾಣುರಹಿತವಾಗಿರುವುದಿಲ್ಲ.

ಸೋಂಕು ತಗುಲಿದರೆ ಅದು ಹೆಚ್ಚಾಗಿ 4ನೆಯ ದಿನದ ನಂತರ ಕಾಣಿಸಿಕೊಳ್ಳುತ್ತದೆ. ಹೊಲಿಗೆಯ ಗೆರೆಗೆ ಅಂಟಿದಂತೆ ತೆಳುವಾದ ಕೆಂಪು ಅಂಚಿರುವುದು ಮಾಯುವ ಲಕ್ಷಣ. ಆ ಕೆಂಪು ದಿನದಿಂದ ದಿನಕ್ಕೆ ಹರಡುತ್ತಿದ್ದರೆ, ಇಳಿಯುತ್ತಿದ್ದ ನೋವು ಮತ್ತೆ ಏರಿದರೆ, ಕೀವು, ದುರ್ವಾಸನೆ, ಜ್ವರ ಬಂದರೆ ಅದೇ ದಿನ ತೋರಿಸಿ. ಕೆಂಪು ಎಲ್ಲಿಯವರೆಗಿದೆ ಎಂದು ಪೆನ್ನಿನಿಂದ ಗುರುತು ಹಾಕಿಟ್ಟುಕೊಂಡರೆ ಹರಡುತ್ತಿದೆಯೋ ಇಲ್ಲವೋ ಎಂಬ ಅನುಮಾನಕ್ಕೆ ಎಡೆಯಿರುವುದಿಲ್ಲ.

ಕಸಿ ಮಾಡಿಸಿಕೊಂಡವರು ಗಮನಿಸಬೇಕಾದದ್ದು

ಕಸಿ ಚರ್ಮಕ್ಕೆ ಮೊದಲ ಕೆಲವು ದಿನ ಸ್ವಂತ ರಕ್ತಪೂರೈಕೆ ಇರುವುದಿಲ್ಲ, ಕೆಳಗಿನ ಗಾಯದಿಂದ ಒಸರುವ ದ್ರವವನ್ನು ಹೀರಿಕೊಂಡೇ ಅದು ಬದುಕುತ್ತದೆ. ಅಷ್ಟರೊಳಗೆ ಹೊಸ ನಾಳಗಳು ಅದರೊಳಕ್ಕೆ ಬೆಳೆಯಬೇಕು. ಆಗ ಅದು ಒಂದಿಷ್ಟು ಜರುಗಿದರೂ ಬೆಸುಗೆ ತಪ್ಪಿಹೋಗುತ್ತದೆ. ಅದಕ್ಕಾಗಿಯೇ ಮೇಲೊಂದು ಮೆತ್ತೆಯಿಟ್ಟು ಹೊಲಿದು ಬಿಗಿದಿರುತ್ತಾರೆ. ಸಾಮಾನ್ಯವಾಗಿ 5ರಿಂದ 7 ದಿನಗಳ ನಂತರ ಅದನ್ನು ಆಸ್ಪತ್ರೆಯಲ್ಲೇ ತೆಗೆಯುತ್ತಾರೆ. ತೆಗೆದಾಗ ಕಾಣುವ ನೋಟಕ್ಕೆ ಮನಸ್ಸನ್ನು ಮೊದಲೇ ಸಿದ್ಧಪಡಿಸಿಕೊಳ್ಳಿ: ಚರ್ಮ ನೇರಳೆಯಾಗಿ, ಕೆಲವೆಡೆ ಕಪ್ಪಾಗಿ ಇರಬಹುದು. ಮೇಲಿನ ಪದರ ಕಪ್ಪಾಗಿ ಸುಲಿದರೂ ಅಡಿಯಲ್ಲಿ ಗುಲಾಬಿ ಬಣ್ಣದ ಜೀವಂತ ಚರ್ಮ ಉಳಿದಿರುವುದುಂಟು, ಆದ್ದರಿಂದ ಆ ಕಪ್ಪನ್ನು ನೀವಾಗಿ ಕಿತ್ತು ತೆಗೆಯಬೇಡಿ. ತೊಡೆಯಿಂದ ಚರ್ಮ ಹೆರೆದ ಜಾಗ ಕಸಿಯಾದ ಜಾಗಕ್ಕಿಂತ ಹೆಚ್ಚು ಉರಿಯುತ್ತದೆ ಎಂಬುದನ್ನು ಬಹಳ ರೋಗಿಗಳಿಗೆ ಯಾರೂ ಮುಂಚಿತವಾಗಿ ಹೇಳಿರುವುದಿಲ್ಲ. ಅದು ಮಾಯಲು ಸುಮಾರು ಎರಡು ವಾರ ಬೇಕು.

ಕೆಳರೆಪ್ಪೆಯ ಹತ್ತಿರ ಶಸ್ತ್ರಚಿಕಿತ್ಸೆಯಾಗಿದ್ದು, ಗಾಯ ಕುಗ್ಗುತ್ತಾ ರೆಪ್ಪೆ ಹೊರಕ್ಕೆ ಮಗುಚಿಕೊಂಡು ಕಣ್ಣು ಒಣಗುತ್ತಿದ್ದರೆ ಅಥವಾ ಸದಾ ನೀರು ಸುರಿಸುತ್ತಿದ್ದರೆ ತಡಮಾಡದೆ ತಿಳಿಸಿ. ತುಟಿಯ ಗಾಯದವರು ಮೆತ್ತಗಿನ ಆಹಾರವನ್ನು ಸಣ್ಣ ತುತ್ತುಗಳಲ್ಲಿ ತಿನ್ನಬೇಕು, ಬಾಯಿ ಅಗಲಿಸಿ ಆಕಳಿಸುವುದನ್ನೂ ತಡೆದುಕೊಳ್ಳಬೇಕು. ಮೊಣಕಾಲಿನ ಕೆಳಗಿನ ಗಾಯಗಳಿಗೆ ರಕ್ತಸಂಚಾರ ಕಡಿಮೆಯಾದ್ದರಿಂದ ಅವು ಮಾಯುವುದು ಎಲ್ಲಕ್ಕಿಂತ ನಿಧಾನ.

ಹೊಲಿಗೆ ಬಿಚ್ಚಿದ ಮೇಲೆ

ಮುಖದ ಹೊಲಿಗೆಗಳನ್ನು 5ರಿಂದ 7 ದಿನಕ್ಕೆ, ತಲೆಯದನ್ನು 7ರಿಂದ 10 ದಿನಕ್ಕೆ, ಎದೆ, ಬೆನ್ನು, ಕೈಕಾಲುಗಳದ್ದನ್ನು 10ರಿಂದ 14 ದಿನಕ್ಕೆ ಬಿಚ್ಚುವುದು ರೂಢಿ. ತಡವಾದರೆ ದಾರದ ಅಡ್ಡಗುರುತುಗಳು ಚರ್ಮದಲ್ಲಿ ಉಳಿಯುತ್ತವೆ, ಬೇಗ ಬಿಚ್ಚಿದರೆ ಗಾಯ ಬಾಯಿ ಬಿಡುತ್ತದೆ.

ಬಿಚ್ಚಿದ ದಿನವೇ ಗುಣವಾಯಿತೆಂದು ತಿಳಿಯುವುದು ಎಲ್ಲರೂ ಮಾಡುವ ತಪ್ಪು. ಎರಡು ವಾರದ ಗಾಯಕ್ಕೆ ಮೊದಲಿನ ಚರ್ಮದ ಬಲದಲ್ಲಿ ಹತ್ತರಲ್ಲೊಂದು ಪಾಲೂ ಬಂದಿರುವುದು ಕಷ್ಟ. ಸುಮಾರು ಮೂರು ತಿಂಗಳಿಗೆ 80 ಪ್ರತಿಶತದ ಹತ್ತಿರ ಬರುತ್ತದೆ, ಪೂರ್ತಿ 100 ಎಂದಿಗೂ ಆಗುವುದಿಲ್ಲ. ಬೆನ್ನು, ಭುಜ, ಎದೆಯ ಗಾಯಗಳು ಪ್ರತಿ ಚಲನೆಗೂ ಎಳೆತಕ್ಕೆ ಸಿಗುವುದರಿಂದ ಅಗಲವಾಗಿ ಹರಡುವುದು ಹೆಚ್ಚು. ಆ ಭಾಗದವರು ಕನಿಷ್ಠ 4ರಿಂದ 6 ವಾರ ಭಾರ ಎತ್ತದೆ, ಕೈಚಾಚಿ ಎಳೆಯದೆ ಇರಬೇಕು. ಚರ್ಮದ ಬಣ್ಣದ ಕಾಗದದ ಟೇಪನ್ನು ಗೆರೆಯ ಉದ್ದಕ್ಕೂ ಅಂಟಿಸಿ, ಅದು ತಾನಾಗಿ ಬಿಡುವವರೆಗೆ ಇಟ್ಟುಕೊಂಡು, ಮತ್ತೆ ಹೊಸದನ್ನು ಹಾಕುತ್ತಾ ಎರಡು ಮೂರು ತಿಂಗಳು ಸಾಗಿದರೆ ಎಳೆತ ತಗ್ಗುತ್ತದೆ. ಇಷ್ಟು ಅಗ್ಗದ ಉಪಾಯವನ್ನು ಬಹಳ ಜನ ಕಡೆಗಣಿಸುವುದು ನನಗೆ ಬೇಸರದ ಸಂಗತಿ.

ಒಂದರಿಂದ ಮೂರು ತಿಂಗಳು: ಕಲೆ ಕೆರಳುವ ಕಾಲ

ದೇಹ ಈ ಅವಧಿಯಲ್ಲಿ ಗಾಯದೊಳಗೆ ಕೊಲ್ಲಾಜೆನ್ ಎಂಬ ನಾರನ್ನು ಅವಸರವಸರವಾಗಿ, ಅಡ್ಡಾದಿಡ್ಡಿಯಾಗಿ ತುಂಬುತ್ತದೆ. ಮುಂದಿನ ಒಂದು ವರ್ಷವಿಡೀ ಅದನ್ನು ಕರಗಿಸಿ ಓರಣವಾಗಿ ಮರುಜೋಡಿಸುತ್ತದೆ. ಕಲೆ ಮೊದಲು ಉಬ್ಬಿ ಆಮೇಲೆ ಮೆತ್ತಗಾಗುವುದು ಇದರಿಂದಲೇ.

ಚರ್ಮ ಪೂರ್ತಿ ಮುಚ್ಚಿ, ಹಕ್ಕಳೆ ಉದುರಿ, ಸುಮಾರು 4 ವಾರ ಕಳೆದ ಮೇಲೆ ವೈದ್ಯರ ಒಪ್ಪಿಗೆ ಪಡೆದು ಕಲೆಯನ್ನು ನೀವಲು ಆರಂಭಿಸಿ. ಬೆರಳ ತುದಿಗೆ ಸ್ವಲ್ಪ ಜೆಲ್ಲಿ ಹಚ್ಚಿಕೊಂಡು, ಬೆರಳು ಚರ್ಮದ ಮೇಲೆ ಜಾರದೆ ಚರ್ಮವೇ ಅಡಿಯ ಪದರದ ಮೇಲೆ ಸರಿಯುವಂತೆ ಒತ್ತಿ, ಸಣ್ಣ ವೃತ್ತಗಳಲ್ಲಿ, ಬಳಿಕ ಗೆರೆಯ ಉದ್ದಕ್ಕೂ ಅಡ್ಡಕ್ಕೂ ತಿಕ್ಕಿ. ಉಗುರಿನ ಬಣ್ಣ ಬಿಳಿಚುವಷ್ಟು ಒತ್ತಡ ಸಾಕು. ದಿನಕ್ಕೆ ಎರಡು ಮೂರು ಬಾರಿ, ಪ್ರತಿ ಸಲ 5ರಿಂದ 10 ನಿಮಿಷ ಮಾಡಬೇಕು. ಫ್ಲ್ಯಾಪ್‌ನ ಊತ ಕೆಲವೊಮ್ಮೆ ದಿಂಬಿನಂತೆ ನಿಂತುಬಿಡುತ್ತದೆ, ಅದಕ್ಕೂ ಇದೇ ಮದ್ದು.

ಸಿಲಿಕೋನ್ ಜೆಲ್ ಅಥವಾ ಹಾಳೆ ಇನ್ನೊಂದು ಉಪಯುಕ್ತ ಸಾಧನ. ಅದು ಕಲೆಯ ಮೇಲ್ಪದರದ ತೇವ ಆರಿಹೋಗದಂತೆ ತಡೆದು, ಅತಿಯಾಗಿ ನಾರು ಉತ್ಪತ್ತಿಯಾಗುವುದನ್ನು ತಗ್ಗಿಸುತ್ತದೆ. ಹಾಳೆಯನ್ನು ದಿನಕ್ಕೆ 12 ಗಂಟೆಗೂ ಹೆಚ್ಚು ಕಾಲ, ಕನಿಷ್ಠ ಎರಡು ಮೂರು ತಿಂಗಳು ಧರಿಸಿದರೆ ಮಾತ್ರ ಪ್ರಯೋಜನ. ನೆನಪಾದಾಗ ಹಚ್ಚಿಕೊಳ್ಳುವುದಾದರೆ ಹಣ ವ್ಯರ್ಥ. ವಿಟಮಿನ್ ಇ ಎಣ್ಣೆ ಕಲೆಯನ್ನು ಅಳಿಸುತ್ತದೆಂಬ ಮಾತಿಗೆ ಆಧಾರವಿಲ್ಲ, ಬದಲಿಗೆ ಅದರಿಂದ ಚರ್ಮ ಕೆರಳುವುದನ್ನು ವೈದ್ಯರು ಗಮನಿಸಿದ್ದಾರೆ.

ಕೆಲವರಿಗೆ ಹೊಲಿಗೆಯ ಗೆರೆಯ ಮೇಲೆ ಮೊಡವೆಯಂತಹ ಗುಳ್ಳೆಯೆದ್ದು ಅದರಿಂದ ದಾರದ ತುಣುಕು ಇಣುಕುತ್ತದೆ. ಒಳಗೆ ಕರಗಬೇಕಾಗಿದ್ದ ಹೊಲಿಗೆಯನ್ನು ಚರ್ಮ ಹೊರದೂಡುತ್ತಿರುತ್ತದೆ. ಎಳೆಯದೆ ವೈದ್ಯರಿಗೆ ತೋರಿಸಿದರೆ ಕ್ಷಣದಲ್ಲಿ ತೆಗೆದುಬಿಡುತ್ತಾರೆ. ಜೋಮು, ಇರುವೆ ಹರಿದಂತಾಗುವುದು, ಆಗೊಮ್ಮೆ ಈಗೊಮ್ಮೆ ಚುಳುಕು, ಇವು ಕತ್ತರಿಸಿಹೋದ ಸಣ್ಣ ನರಗಳು ಮತ್ತೆ ಬೆಳೆಯುತ್ತಿರುವುದರ ಸೂಚನೆ. ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಹಣೆಯ ಮೇಲಿನ ಗಾಯದಿಂದ ನೆತ್ತಿಯವರೆಗೆ ಮರಗಟ್ಟಿದ್ದರೆ ಅದು ತಿಳಿಯಾಗಲು ತಿಂಗಳುಗಳೇ ಬೇಕಾಗಬಹುದು, ಒಂದಿಷ್ಟು ಭಾಗ ಶಾಶ್ವತವಾಗಿ ಹಾಗೆಯೇ ಉಳಿಯಲೂಬಹುದು. ಸ್ಪರ್ಶವಿಲ್ಲದ ಚರ್ಮಕ್ಕೆ ಬಿಸಿನೀರು, ಕ್ಷೌರದ ಅಲಗು, ಕೂದಲೊಣಗಿಸುವ ಯಂತ್ರ ತಗುಲಿದ್ದು ಗೊತ್ತಾಗುವುದಿಲ್ಲವೆಂಬ ಎಚ್ಚರವಿರಲಿ.

ಕಲೆ ಉಬ್ಬುತ್ತಲೇ ಹೋದರೆ ಅದರ ಎಲ್ಲೆಯನ್ನು ಗಮನಿಸಿ. ಗಾಯವಿದ್ದ ಗಡಿಯೊಳಗೇ ದಪ್ಪವಾದದ್ದು ಬಹುಪಾಲು ಕಾಲಕ್ರಮೇಣ ತಗ್ಗುತ್ತದೆ. ಗಡಿ ದಾಟಿ ಅಕ್ಕಪಕ್ಕದ ಒಳ್ಳೆಯ ಚರ್ಮಕ್ಕೂ ಹಬ್ಬಿದರೆ ಅದು ಕೀಲಾಯ್ಡ್. ಗಾಢ ಬಣ್ಣದ ಚರ್ಮದವರಲ್ಲಿ, ಎದೆ, ಭುಜ, ಕಿವಿಯ ಹಾಲೆಗಳಲ್ಲಿ ಇದು ಹೆಚ್ಚು. ಇವೆರಡಕ್ಕೂ ಟ್ರೈಯಾಮ್ಸಿನೊಲೋನ್ ಎಂಬ ಸ್ಟೆರಾಯ್ಡ್ ಅನ್ನು 4ರಿಂದ 6 ವಾರಗಳಿಗೊಮ್ಮೆ ಕಲೆಯೊಳಗೇ ಚುಚ್ಚುತ್ತಾರೆ. ಕೆಂಪನ್ನು ಇಳಿಸಲು, ಏರುತಗ್ಗನ್ನು ಸಮಮಾಡಲು ಬೇರೆಬೇರೆ ಲೇಸರ್‌ಗಳಿವೆ. ಕಲೆಯ ದಿಕ್ಕನ್ನೇ ಬದಲಿಸುವ ಮರುಶಸ್ತ್ರಚಿಕಿತ್ಸೆಯನ್ನು, ರೆಪ್ಪೆಯೋ ತುಟಿಯೋ ಎಳೆದುಕೊಂಡು ತೊಂದರೆಯಾಗಿದ್ದರೆ ಹೊರತು, ಒಂದು ವರ್ಷದ ತನಕ ಮುಂದೂಡುವುದೇ ಜಾಣತನ. ಆರನೆಯ ವಾರದಲ್ಲಿ ಅಸಹ್ಯವೆನಿಸಿದ ಕಲೆ ವರ್ಷದ ಕೊನೆಗೆ ಏನನ್ನೂ ಬೇಡದ ಮಟ್ಟಕ್ಕೆ ಬಂದಿರುವುದು ತೀರಾ ಸಾಮಾನ್ಯ. ಪ್ರತಿ ತಿಂಗಳೂ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಒಂದು ಫೋಟೋ ತೆಗೆದಿಡಿ. ದಿನವೂ ಕನ್ನಡಿ ನೋಡುವ ಕಣ್ಣಿಗೆ ಕಾಣದ ಬದಲಾವಣೆ ಅದರಲ್ಲಿ ಕಾಣುತ್ತದೆ.

ಬಿಸಿಲು

ಹೊಸ ಕಲೆಗೆ ಬಿಸಿಲು ತಾಗಿದರೆ ಅದು ಸುತ್ತಲಿನ ಚರ್ಮಕ್ಕಿಂತ ಹೆಚ್ಚು ಕಪ್ಪಾಗಿ, ಆ ಬಣ್ಣ ಬಹುಕಾಲ ಉಳಿಯಬಹುದು. ನಿಮಗೆ ಕ್ಯಾನ್ಸರ್ ಬಂದ ಕಾರಣದಲ್ಲಿಯೂ ಬಿಸಿಲಿನ ಪಾತ್ರವಿರುವ ಸಾಧ್ಯತೆ ದೊಡ್ಡದು. ಚರ್ಮ ಮುಚ್ಚಿಕೊಂಡ ದಿನದಿಂದ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ, ಎರಡೂ ಬಗೆಯ ಅತಿನೇರಳೆ ಕಿರಣಗಳನ್ನು ತಡೆಯುವ ಸನ್‌ಸ್ಕ್ರೀನ್ ಅನ್ನು ಪ್ರತಿದಿನ ಹಚ್ಚಿ, ಹೊರಗಿದ್ದಷ್ಟು ಹೊತ್ತು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಮುಖ ಮತ್ತು ಕುತ್ತಿಗೆಗೆ ಎರಡು ಬೆರಳುಗಳ ಉದ್ದಕ್ಕೆ ಹಿಂಡಿದಷ್ಟು ಬೇಕು, ಬಹುತೇಕರು ಅದರ ಅರ್ಧವನ್ನೂ ಹಚ್ಚುವುದಿಲ್ಲ. ಗಾಢ ಬಣ್ಣದ ಚರ್ಮಕ್ಕೆ ಕಬ್ಬಿಣದ ಆಕ್ಸೈಡ್ ಬೆರೆತ, ಬಣ್ಣವಿರುವ ಸನ್‌ಸ್ಕ್ರೀನ್ ಮೇಲು, ಏಕೆಂದರೆ ಅಂತಹ ಚರ್ಮವನ್ನು ಕಣ್ಣಿಗೆ ಕಾಣುವ ಬೆಳಕೂ ಕಪ್ಪಾಗಿಸುತ್ತದೆ. ಅಗಲ ಅಂಚಿನ ಟೊಪ್ಪಿಗೆ, ತುಂಬುತೋಳಿನ ಒತ್ತುನೇಯ್ಗೆಯ ಬಟ್ಟೆ, ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ನೆರಳು, ಇವು ಯಾವ ಮುಲಾಮಿಗಿಂತಲೂ ನಂಬಿಕೆಗೆ ಯೋಗ್ಯ. ಕಾರಿನ ಪಕ್ಕದ ಗಾಜು ಎ ವರ್ಗದ ಅತಿನೇರಳೆ ಕಿರಣಗಳನ್ನು ಸಾಕಷ್ಟು ಒಳಬಿಡುತ್ತದೆ ಎಂಬುದೂ ನೆನಪಿರಲಿ.

ಕನ್ನಡಿ, ಮನೆ, ಬೀದಿ

ಮುಖದ ಕಲೆಯ ವಿಚಾರದಲ್ಲಿ ‘ಪ್ರಾಣ ಉಳಿಯಿತಲ್ಲ, ಅದೊಂದು ಯಾಕೆ ಯೋಚಿಸುತ್ತೀರಿ’ ಎಂಬ ಮಾತನ್ನು ಪ್ರತಿಯೊಬ್ಬರೂ ಕೇಳಿರುತ್ತಾರೆ. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಬದುಕುಳಿದದ್ದಕ್ಕೆ ನೆಮ್ಮದಿಪಡುವುದಕ್ಕೂ ಕಳೆದುಕೊಂಡ ಮುಖಕ್ಕಾಗಿ ದುಃಖಪಡುವುದಕ್ಕೂ ವಿರೋಧವಿಲ್ಲ. ಎರಡೂ ಒಂದೇ ಮನಸ್ಸಿನಲ್ಲಿ, ಒಂದೇ ದಿನ ಇರಬಲ್ಲವು. ಆ ದುಃಖವನ್ನು ಕೃತಘ್ನತೆಯೆಂದು ಬಗೆದು ನುಂಗಿಕೊಳ್ಳಬೇಡಿ.

ಕನ್ನಡಿಯನ್ನು ಹಂತಹಂತವಾಗಿ ಎದುರಿಸಿ. ಮೊದಲ ಸಲ ನೋಡುವಾಗ ನಂಬಿಕೆಯವರೊಬ್ಬರು ಪಕ್ಕದಲ್ಲಿರಲಿ, ಸಾಧ್ಯವಾದರೆ ಡ್ರೆಸ್ಸಿಂಗ್ ಮಾಡುವ ದಾದಿಯೇ ಇರಲಿ, ಏಕೆಂದರೆ ಕಾಣುತ್ತಿರುವುದರಲ್ಲಿ ಊತವೆಷ್ಟು, ಉಳಿಯುವುದೆಷ್ಟು ಎಂದು ಅವರು ಹೇಳಬಲ್ಲರು. ನಂತರ ದಿನವೂ ಕೆಲವು ನಿಮಿಷ, ಕಲೆಯ ಮೇಲೆ ಮಾತ್ರ ದೃಷ್ಟಿ ನೆಡದೆ ಇಡೀ ಮುಖವನ್ನು ನೋಡಿ. ಬಚ್ಚಲುಮನೆಯ ಕನ್ನಡಿಯನ್ನು ಮುಚ್ಚಿಡುವುದಾಗಲಿ, ಅರ್ಧಗಂಟೆಗೊಮ್ಮೆ ಹೋಗಿ ನೋಡುವುದಾಗಲಿ, ಎರಡೂ ಭಯವನ್ನು ಬೆಳೆಸುತ್ತವೆ. ಕಲೆಯನ್ನು ಮುಟ್ಟುವುದೂ ಈ ಪರಿಚಯದ ಭಾಗ. ನೀವುವ ಕೆಲಸ ಇದಕ್ಕೂ ನೆರವಾಗುತ್ತದೆ.

ಮನೆಯ ಮಕ್ಕಳಿಗೆ ಪಟ್ಟಿ ಬಿಚ್ಚುವ ಮೊದಲೇ ಸರಳವಾಗಿ ಹೇಳಿಡಿ: ‘ಅಜ್ಜನ ಮೂಗಿನ ಮೇಲೆ ಕೆಟ್ಟ ಗಂಟಿತ್ತು, ಡಾಕ್ಟರು ತೆಗೆದು ಹೊಲಿದಿದ್ದಾರೆ, ಈಗ ನೋವಿಲ್ಲ, ಇದು ಯಾರಿಗೂ ಅಂಟುವುದಿಲ್ಲ.’ ಮಕ್ಕಳು ನಾಲ್ಕು ಪ್ರಶ್ನೆ ಕೇಳಿ ಆಟಕ್ಕೆ ಓಡುತ್ತಾರೆ. ಸಂಗಾತಿಯೊಂದಿಗೆ ಮಾತು ಇದಕ್ಕಿಂತ ಕಷ್ಟ. ನಿಮಗೆ ನೋವಾದೀತೆಂದು ಅವರು ಕಲೆಯತ್ತ ನೋಡದಿರಬಹುದು, ಅಸಹ್ಯಪಟ್ಟು ನೋಡುತ್ತಿಲ್ಲವೆಂದು ನೀವು ತಿಳಿದುಕೊಳ್ಳಬಹುದು. ಈ ತಪ್ಪು ತಿಳುವಳಿಕೆ ಮೌನದಲ್ಲಿ ಬೆಳೆಯುವುದರಿಂದ ಮೊದಲ ಮಾತು ನಿಮ್ಮಿಂದಲೇ ಬರಲಿ.

ಹೊರಗಿನವರ ನೋಟಕ್ಕೆ ಒಂದು ಸಿದ್ಧ ಉತ್ತರ ಬೇಕು. ಮುಖದಲ್ಲಿ ಭಿನ್ನತೆಯಿರುವವರಿಗಾಗಿ 1992ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಚೇಂಜಿಂಗ್ ಫೇಸಸ್ ಸಂಸ್ಥೆ ಕಲಿಸುತ್ತ ಬಂದಿರುವ ಕ್ರಮ ನನಗೆ ಅತ್ಯಂತ ಉಪಯುಕ್ತವೆನಿಸಿದೆ: ಚಿಕ್ಕದಾಗಿ ವಿವರಿಸಿ, ಎದುರಿನವರ ಆತಂಕ ಕಳೆಯಿರಿ, ಮಾತನ್ನು ಬೇರೆಡೆಗೆ ತಿರುಗಿಸಿ. ‘ಚರ್ಮದ ಕ್ಯಾನ್ಸರ್‌ಗೆ ಆಪರೇಷನ್ ಆಗಿತ್ತು, ಈಗ ಆರಾಮಾಗಿದ್ದೇನೆ. ಅಂದಹಾಗೆ, ಮಗಳ ಪರೀಕ್ಷೆ ಹೇಗಾಯಿತು?’ ಇಷ್ಟನ್ನು ಮನೆಯಲ್ಲಿ ಗಟ್ಟಿಯಾಗಿ ಹತ್ತು ಸಲ ಹೇಳಿ ರೂಢಿ ಮಾಡಿಕೊಳ್ಳಿ. ಬಸ್ಸಿನಲ್ಲಿ ಎವೆಯಿಕ್ಕದೆ ನೋಡುವ ಅಪರಿಚಿತರಿಗೆ ಒಮ್ಮೆ ಕಣ್ಣು ಕೂಡಿಸಿ ತಲೆಯಾಡಿಸಿದರೆ ಹೆಚ್ಚಿನವರು ನೋಟ ತಿರುಗಿಸುತ್ತಾರೆ. ಇಡೀ ಕಥೆ ಹೇಳುವ ಋಣ ನಿಮಗೆ ಯಾರದ್ದೂ ಇಲ್ಲ. ‘ಅದರ ಬಗ್ಗೆ ಈಗ ಮಾತು ಬೇಡ’ ಎನ್ನುವುದೂ ಪೂರ್ಣ ಉತ್ತರವೇ.

ಹೊರಹೋಗುವುದನ್ನು ಮುಂದೂಡುತ್ತಾ ಹೋದಷ್ಟೂ ಮೊದಲ ಹೆಜ್ಜೆ ಭಾರವಾಗುತ್ತದೆ. ಹತ್ತಿರದ ಸ್ನೇಹಿತರ ಮನೆಯಿಂದ ಶುರುಮಾಡಿ, ಬಳಿಕ ಅಂಗಡಿ, ಕಚೇರಿ, ಆಮೇಲೆ ಮದುವೆಯಂತಹ ಸಮಾರಂಭ ಎಂದು ಏರುಕ್ರಮದಲ್ಲಿ ಸಾಗಬಹುದು. ಎರಡು ವಾರಕ್ಕೂ ಮೀರಿ ನಿದ್ದೆ, ಊಟ, ಯಾವುದರಲ್ಲೂ ಆಸಕ್ತಿಯಿಲ್ಲದಿದ್ದರೆ, ಅಥವಾ ಬದುಕೇ ಬೇಡವೆನಿಸಿದರೆ, ಗಾಯದ ಸೋಂಕಿಗೆ ಎಷ್ಟು ಬೇಗ ಓಡುತ್ತೀರೋ ಅಷ್ಟೇ ಬೇಗ ಮನೋವೈದ್ಯರ ಬಳಿಗೆ ಹೋಗಿ.

ಕಲೆಯನ್ನು ಮರೆಮಾಚುವ ಬಣ್ಣಗಳನ್ನು ಬಳಸುವುದು ದೌರ್ಬಲ್ಯವಲ್ಲ, ಬಳಸದಿರುವುದು ಶೌರ್ಯವೂ ಅಲ್ಲ. ಚರ್ಮ ಪೂರ್ತಿ ಮಾಯ್ದ ಮೇಲೆ, ಕೆಂಪಿನ ಮೇಲೆ ತೆಳುವಾಗಿ ಹಸಿರು ಛಾಯೆಯ ಕ್ರೀಮನ್ನೂ, ಕಪ್ಪು ಅಥವಾ ನೀಲಿಗೆ ತಿರುಗಿದ ಕಲೆಗೆ ಕಿತ್ತಳೆ ಛಾಯೆಯದನ್ನೂ ತಟ್ಟಿ, ಅದರ ಮೇಲೆ ನಿಮ್ಮ ಚರ್ಮದ ಬಣ್ಣದ ದಟ್ಟ ಕ್ರೀಮ್ ಹಚ್ಚಿ ಪೌಡರಿನಿಂದ ಕೂರಿಸುವುದು ಕ್ರಮ. ಬಣ್ಣ ಮರೆಯಾಗುತ್ತದೆ, ಏರುತಗ್ಗು ಮರೆಯಾಗುವುದಿಲ್ಲ. ಮೂಗು ಅಥವಾ ಕಿವಿಯ ದೊಡ್ಡ ಭಾಗವನ್ನೇ ಕಳೆದುಕೊಂಡವರಿಗೆ ಸಿಲಿಕೋನಿನಿಂದ ಮಾಡಿದ ಕೃತಕ ಅಂಗಗಳಿವೆ. ಅಂಟಿನಿಂದಲೋ ಮೂಳೆಯಲ್ಲಿ ಕೂರಿಸಿದ ಆಧಾರಕ್ಕೆ ಅಯಸ್ಕಾಂತದಿಂದಲೋ ಅವನ್ನು ತೊಡಬಹುದು.

ಚರ್ಮದ ಮೇಲೆ ಕಣ್ಣಿಡುವುದು

ಒಮ್ಮೆ ಚರ್ಮದ ಕ್ಯಾನ್ಸರ್ ಬಂದವರಿಗೆ ಇನ್ನೊಂದು ಬರುವ ಸಂಭವ ಇತರರಿಗಿಂತ ಹೆಚ್ಚು. ತಿಂಗಳ ಫೋಟೋ ತೆಗೆಯುವ ದಿನವೇ ನೆತ್ತಿಯಿಂದ ಅಂಗಾಲಿನವರೆಗೆ ಮೈಯನ್ನೆಲ್ಲ ನೋಡಿಕೊಳ್ಳಿ. ಬೆನ್ನು, ಕಿವಿಯ ಹಿಂಭಾಗ, ನೆತ್ತಿಗಳನ್ನು ಮನೆಯವರೊಬ್ಬರು ನೋಡಲಿ. ಗಾಢ ಬಣ್ಣದ ಚರ್ಮದವರಲ್ಲಿ ಮೆಲನೋಮ ಅಂಗೈ, ಅಂಗಾಲು, ಉಗುರಿನ ಅಡಿಯಲ್ಲಿ ಹುಟ್ಟುವ ಪಾಲು ಹೆಚ್ಚಾದ್ದರಿಂದ ಕಾಲ್ಬೆರಳ ಸಂದುಗಳನ್ನೂ ಬಿಡಬೇಡಿ. ಎರಡು ಅರ್ಧ ಒಂದೇ ತೆರನಾಗಿಲ್ಲದ, ಅಂಚು ಹರಕಾದ, ಹಲವು ಬಣ್ಣಗಳಿರುವ, 6 ಮಿಲಿಮೀಟರಿಗಿಂತ ದೊಡ್ಡದಾದ, ಎಲ್ಲಕ್ಕಿಂತ ಮುಖ್ಯವಾಗಿ ಬದಲಾಗುತ್ತಿರುವ ಮಚ್ಚೆಯನ್ನು ತೋರಿಸಿ. ನಾಲ್ಕು ವಾರವಾದರೂ ಮಾಯದ ಹುಣ್ಣನ್ನೂ ಹಾಗೆಯೇ.

ಹಳೆಯ ಕಲೆಯನ್ನೂ ಪರೀಕ್ಷಿಸಿ. ತಿಂಗಳಿನಿಂದ ತಿಂಗಳಿಗೆ ಮೆತ್ತಗಾಗುತ್ತಿದ್ದ ಗೆರೆಯಲ್ಲಿ ಹೊಸದಾಗಿ ಮುತ್ತಿನಂತೆ ಹೊಳೆಯುವ ಗುಳ್ಳೆ, ಒಂದೇ ಕಡೆ ಮರುಕಳಿಸುವ ಹಕ್ಕಳೆ, ತಾನಾಗಿ ಒಸರುವ ರಕ್ತ, ಹೊಸ ಕಪ್ಪು ಬಣ್ಣ ಕಂಡರೆ, ಅಥವಾ ಕುತ್ತಿಗೆ, ಕಂಕುಳು, ತೊಡೆಸಂದಿನಲ್ಲಿ ಗಟ್ಟಿ ಗಂಟು ಸಿಕ್ಕರೆ, ಮುಂದಿನ ನಿಗದಿತ ತಪಾಸಣೆಯವರೆಗೆ ಕಾಯಬೇಡಿ. ಹೋಗುವಾಗ ತೆಗೆದಿಟ್ಟ ಫೋಟೋಗಳನ್ನು ದಿನಾಂಕದ ಸಮೇತ ಕೊಂಡೊಯ್ಯಿರಿ. ಯಾವುದು ಮೊದಲಿನಿಂದ ಇತ್ತು, ಯಾವುದು ಹೊಸತು ಎಂಬ ವೈದ್ಯರ ಮೊದಲ ಪ್ರಶ್ನೆಗೆ ಉತ್ತರ ಅವುಗಳಲ್ಲಿ ಇರುತ್ತದೆ.